ರಾತ್ರಿ ಯಾರಿರ್ತಾರ ಅಂತ ಕೇಳ್ರಿ

ಹೋದ ವಾರ ಮಧ್ಯಾಹ್ನ ಊಟಾ ಮುಗಿಸಿ, ಮುಸುರಿ ತಿಕ್ಕಿಟ್ಟು, ಇನ್ನ ಒಂದು ತಾಸು ಅಡ್ಡಾಗೂಣು ಅನ್ನೂದ್ರಾಗ ಹಿಂದಿನ ಓಣಿ ವೈನಿ ಬಂದ್ರು. ಚಹಾ ಆತು, ಚೂಡಾ ಆತು, ಮಳಿ ಮಾತು ಆತು, ಮಗಳ ಬಾಣಂತನದ ಮಾತು ಆತು. ಎದ್ದು ಚಪ್ಪಲಿ ಮೆಟ್ಟಿಕೊಂಡ ಮ್ಯಾಲ, ಬಾಗಲದಾಗ ನಿಂತು, ಅತ್ತಾಗ ಇತ್ತಾಗ ನೋಡಿ ಸಣ್ಣ ದನಿಯಾಗ ಕೇಳಿದ್ರು, "ನಿಮ್ಮ ಮೌಶಿ ಇರೂ ಆ ಮನಿ ಹೆಂಗದರೀ? ನಮ್ಮ ಅತ್ತಿಯವರಿಗೂ ಒಂದು ನೋಡಬೇಕಾಗೇದ. ಯಾರ ಮುಂದೂ ಅನಬ್ಯಾಡ್ರಿ ಮತ್ತ."

ಅವರು ಬಂದಿದ್ದು ಇದೊಂದು ಮಾತು ಕೇಳಲಿಕ್ಕೆ. ಒಳಗ ಕೂತು ಕೇಳಲಿಕ್ಕೆ ನಾಲಿಗಿ ಏಳಲಿಲ್ಲ, ಬಾಗಲದಾಗ ನಿಂತು ಕೇಳಿದ್ರು. ನಾನು ಕೈ ಹಿಡದು ಮತ್ತ ಒಳಗ ಕರಕೊಂಡು ಬಂದು ಕೂಡಿಸಿದೆ. ಅವರಿಗೆ ಹೇಳಿದ್ದನ್ನ ಇಲ್ಲೆ ಬರೀಲಿಕತ್ತೀನಿ. ನಮ್ಮ ಬಳಗದಾಗ ಹಿಂಗ ಬಾಗಲದಾಗ ನಿಂತವರು ಇನ್ನೂ ನಾಕು ಮಂದಿ ಇದ್ದಾರ ಅಂತ ನನಗ ಗೊತ್ತದ.

ನಮ್ಮ ಮೌಶಿ ಅಂದ್ರ ನಮ್ಮ ಅವ್ವನ ತಂಗಿ. ಧಾರವಾಡದಾಗ ಸಾಲಿ ಮಾಸ್ತರಿಣಿ ಆಗಿದ್ಲು. ಕಾಕಾ ಹೋದ ಮ್ಯಾಲ ನಾಕು ವರ್ಷ ಒಬ್ಬಾಕಿನ ಇದ್ಲು. ಮಗಾ ಅಮೆರಿಕಾದಾಗ. ಒಂದು ಸಲ ಗ್ಯಾಸ್ ಮ್ಯಾಲ ಹಾಲಿಟ್ಟು ಮರತು ಗುಡಿಗೆ ಹೋಗಿಬಿಟ್ಲು, ಬಾಜೂಕಿನವರು ಬಾಗಲಾ ಮುರದು ಆರಿಸಿದ್ರು. ಆವಾಗ ಮಗಾ ಹೆದರಿಕೊಂಡು ಅಲ್ಲಿಂದನ ಕಂಪ್ಯೂಟರಿನ್ಯಾಗ ಹುಡುಕಿ, ಬೆಂಗಳೂರಿನ ಹೊರಗ ಒಂದು ದೊಡ್ಡ ಹಿರಿಯರ ವಸತಿ ಗೊತ್ತು ಮಾಡಿದ. ನನ್ನ ಮಗಳು ಬೆಂಗಳೂರಾಗ ಇರ್ತಾಳ. ಹಿಂಗಾಗಿ "ನೀ ಒಮ್ಮೆ ಹೋಗಿ ಕಣ್ಣಿಲೇ ನೋಡಿ ಹೇಳು, ನೀ ಹೂಂ ಅಂದ್ರ ಆತು" ಅಂತ ನನಗ ಹೇಳಿದ.

ನಾನು ಹೋದೆ. ಮುಂಜಾನೆ ಹನ್ನೊಂದಕ್ಕ ಹೋದೆ, ಅವರು ಹೇಳಿದ್ದ ವ್ಯಾಳ್ಯಾಕ್ಕ. ಬಾಗಲದಾಗನ ಗುಲಾಬಿ ಗಿಡಾ, ಒಂದು ಸಣ್ಣ ಗಣಪತಿ ಗುಡಿ, ಓದಲಿಕ್ಕೆ ಪುಸ್ತಕದ ಖೋಲಿ, ಕೈಕಾಲು ಆಡಿಸಲಿಕ್ಕೆ ಯೋಗದ ಹಾಲು. ಒಬ್ಬ ಹುಡುಗಿ ಇಸ್ತ್ರಿ ಸೀರಿ ಉಟಗೊಂಡು ನಗನಗತಾ ಎಲ್ಲಾ ತೋರಿಸಿದ್ಲು. ನಾನು ಏನೇನು ಕೇಳಿದೆ ಗೊತ್ತದ ಏನು? ಉಳ್ಳಾಗಡ್ಡಿ ಬೆಳ್ಳೊಳ್ಳಿ ಇಲ್ಲದ ಅಡಗಿ ಸಿಗತದೋ ಇಲ್ಲೋ, ಏಕಾದಶಿಗೆ ಏನು ಮಾಡ್ತೀರಿ, ಬಿಸಿನೀರು ಎಷ್ಟು ಗಂಟೆಕ್ಕ ಬರತದ, ಭಜನಿ ಅದ ಏನು. ಎಲ್ಲಾಕ್ಕೂ ಹೂಂ ಅಂದ್ಲು. ಊಟಾನೂ ಹಾಕಿದ್ರು. ಸಾರು ಛೊಲೋ ಇತ್ತು. ಮಗಗ ಫೋನ್ ಹಚ್ಚಿ "ನಮ್ಮ ಮನಿಗಿಂತ ಛೊಲೋ ಅದಪಾ" ಅಂದೆ. ತಿಂಗಳಿಗೆ ನಲವತ್ತು ಸಾವಿರದ ಮ್ಯಾಲ, ಮತ್ತ ಠೇವಣಿ ಬ್ಯಾರೆ. ಇಷ್ಟು ರೊಕ್ಕಾ ತೊಗೊಂಡವರು ನೋಡಿಕೊಳ್ಳದ ಎಲ್ಲಿ ಹೋಗ್ತಾರ ಅಂತ ನನ್ನ ಬುದ್ಧಿ.

ಮೌಶಿ ಅಲ್ಲೆ ಏಳು ತಿಂಗಳಿದ್ಲು. ಎಂಟನೇ ತಿಂಗಳ ಒಂದು ರಾತ್ರಿ, ಮೂರು ಗಂಟೆದ ಸುಮಾರಿಗೆ, ಪಾಯಖಾನಿಗೆ ಎದ್ಲು. ನೆಲಾ ಹಸಿ ಇತ್ತು. ಜಾರಿ ಬಿದ್ಲು. ಕರಿಯೂ ಗಂಟಿ ಇತ್ತು, ಇಲ್ಲ ಅನ್ನೂ ಹಂಗಿಲ್ಲ, ಆದ್ರ ಅದು ಹಾಸಗಿ ತಲಿದೆಸಿ ಗ್ವಾಡಿ ಮ್ಯಾಲ ಇತ್ತು. ಬಚ್ಚಲದಾಗ ಬಿದ್ದಾಕಿ ಕೈಗೆ ಅದು ಹೆಂಗ ಸಿಗಬೇಕು? ಒದರಿದ್ಲಂತ. ಎರಡು ಮಜಲಿಗೆ, ಮೂವತ್ನಾಕು ಮಂದಿಗೆ, ರಾತ್ರಿ ಪಾಳೇಕ್ಕ ಒಬ್ಬಾಕಿ ಆಯಾ. ಅಕಿ ಕೆಳಗಿನ ಮಜಲಿನ್ಯಾಗ ಇನ್ನೊಬ್ಬರ ಹಾಸಗಿ ಬದಲಿ ಮಾಡಲಿಕತ್ತಿದ್ಲು. ಮುಂಜಾನೆ ಆರಕ್ಕ ಚಹಾ ಕೊಡಲಿಕ್ಕೆ ಬಂದಾಗ ನೋಡಿದ್ರು. ಮೂರು ತಾಸು ನಮ್ಮ ಮೌಶಿ ಆ ತಣ್ಣನ್ನ ಫರಸಿ ಮ್ಯಾಲ ಬಿದ್ದಿದ್ಲು. ಟೊಂಕದ ಎಲುಬು ಮುರದಿತ್ತು.

ನಮಗ ಫೋನ್ ಬಂದಿದ್ದು ಹತ್ತಕ್ಕ. "ಸ್ವಲ್ಪ ಜಾರಿದ್ರು, ಗಾಬರಿ ಆಗಬ್ಯಾಡ್ರಿ" ಅಂದ್ರು.

ದವಾಖಾನ್ಯಾಗ ಆಪರೇಶನ್ ಆತು. ಇಂಥಾ ವಯಸ್ಸಿನ್ಯಾಗ ಟೊಂಕದ ಎಲುಬು ಮುರದ್ರ ಎಲುಬಿಗಿಂತ ಹಾಸಗೀದ ಹೆದರಿಕಿ ಹೆಚ್ಚು ಅಂತ ಡಾಕ್ಟರು ಹೇಳಿದ್ರು. ಮಲಗೇ ಇದ್ರ ಎದಿಯಾಗ ಕಫಾ ಕಟ್ಟಿ ನ್ಯುಮೋನಿಯಾ ಆಗತದ, ಬೆನ್ನಿಗೆ ಹುಣ್ಣ ಆಗತಾವ, ಕಾಲಾಗ ರಕ್ತ ಹೆಪ್ಪುಗಟ್ಟತದ. ಅದಕ್ಕ ಲಗೂನ ಆಪರೇಶನ್ ಮಾಡಿ ಲಗೂನ ಎಬ್ಬಿಸಿ ನಿಂದ್ರಸಬೇಕು. ದೇವರ ದಯಾ, ನಮ್ಮಾಕಿ ಎದ್ಲು. ಎಲ್ಲಾರೂ ಏಳೂದಿಲ್ಲ.

ದವಾಖಾನ್ಯಾಗ ನಾನು ಹದಿನಾಲ್ಕು ದಿನಾ ಅಕಿ ಕಡೆ ಇದ್ದೆ. ಒಂದಿನ ತಲಿ ಹಿಕ್ಕೂ ಮುಂದ ನೋಡ್ತೀನಿ, ಬಳಿ ಮೊಣಕೈ ತನಕಾ ಜಾರತಾವ. ಊರಿಂದ ಹೋಗೂ ಮುಂದ ಬಳಿಗಾರಾಕಿ ಸಾಬಾಣ ಹಚ್ಚಿ ಏರಿಸಿದ್ದ ಬಳಿ ಅವು! ಕೇಳಿದೆ, "ಯಾಕ ಮೌಶಿ, ಊಟಾ ಮಾಡ್ತಿದ್ದಿಲ್ಲೇನು?" ಆವಾಗ ಸಾವಕಾಶ ಒಂದೊಂದ ಹೊರಗ ಬಂತು. ರಾತ್ರಿ ಊಟಾ ಆರೂವರಿಗೇ ಮುಗಿಸಿಬಿಡ್ತಿದ್ರಂತ, ಅಡಗಿಯವರು ಮನಿಗೆ ಹೋಗಬೇಕಲಾ. ಅಕಿಗೆ ಆ ವ್ಯಾಳ್ಯಾಕ್ಕ ಹಸಿವಿ ಆಗ್ತಿದ್ದಿಲ್ಲ. ರಾತ್ರಿ ಪಾಯಖಾನಿಗೆ ಏಳೂದಾಗತದ ಅಂತ ನಾಕು ಗಂಟೆ ಮ್ಯಾಲ ನೀರು ಕುಡೀತಿದ್ದಿಲ್ಲ. ನಡುವ ಒಮ್ಮೆ ಉರಿಮೂತ್ರ ಆಗಿ ಎರಡು ದಿನಾ ಏನೇನೋ ಬಡಬಡಿಸಿದ್ಲಂತ. ಅಲ್ಲಿಯವರು "ಅಜ್ಜಿಗೆ ಅರುವು ಮರುವು ಸುರು ಆತು" ಅಂದು ನಿದ್ದಿ ಗುಳಿಗಿ ಚಾಲೂ ಮಾಡಿಸಿದ್ರು. ಆ ಗುಳಿಗಿ ನಿಶಾದಾಗನ ಆ ರಾತ್ರಿ ಎದ್ದು ನಡದಿದ್ಲು.

ವಯಸ್ಸಾದವರಿಗೆ ಮೂತ್ರದ ಸೋಂಕು ಆದ್ರ ಜ್ವರಾ ಬರೂದಕ್ಕಿಂತ ಮದಲ ತಲಿ ಗೊಂದಲ ಆಗಬಹುದು, ಅದು ಮರುವಿನ ರೋಗ ಅಲ್ಲ, ಔಷಧಿಗೆ ಹೋಗತದ ಅನ್ನೂದು ನನಗೂ ಆವಾಗ ಗೊತ್ತಿದ್ದಿಲ್ಲ. ನಿದ್ದಿ ಗುಳಿಗಿ ತೊಗೊಂಡವರು ರಾತ್ರಿ ಎದ್ದಾಗ ಬೀಳೂದು ಹೆಚ್ಚು ಅನ್ನೂದೂ ಗೊತ್ತಿದ್ದಿಲ್ಲ.

"ಇದೆಲ್ಲಾ ಫೋನಿನ್ಯಾಗ ಯಾಕ ಹೇಳಲಿಲ್ಲ?" ಅಂದೆ. ವಾರಕ್ಕ ಎರಡು ಸಲ ಫೋನ್ ಮಾಡ್ತಿದ್ದೆ ನಾನು. ಹೆಂಗಿದ್ದಿ ಅಂದ್ರ "ಆರಾಮ ಇದ್ದೀನಿ" ಅಂತಿದ್ಲು. ಮೌಶಿ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ್ಲು, "ನಾ ನಿನಗ ಹೇಳ್ತೀನಿ, ನೀ ಅವರಿಗೆ ಜೋರು ಮಾಡ್ತಿ, ಮಾಡಿ ಫೋನ್ ಇಡ್ತಿ. ಆಮ್ಯಾಲ ರಾತ್ರಿ ನನ್ನ ಪಾಯಖಾನಿಗೆ ಎಬ್ಬಿಸಿಕೊಂಡು ಹೋಗಾಕಿ ಯಾರು? ಅಕಿನ ಅಲಾ?"

ಆ ಮಾತು ಕೇಳಿ ನನಗ ಹೊಟ್ಟಿಯೊಳಗ ಕೈ ಹಾಕಿ ಕಿವಚಿದಂಗಾತು. ಮೂವತ್ತು ವರ್ಷ ಸಾಲ್ಯಾಗ ಹುಡುಗರನ್ನ ನಡುಗಿಸಿದಾಕಿ, ಇನ್ಸ್‌ಪೆಕ್ಟರಿಗೂ ಎದುರು ಮಾತಾಡಿದಾಕಿ. ಅಂಥಾಕಿ ಒಂದು ಲೋಟಾ ನೀರಿಗೆ ಹೆದರಿ ಕೂತಿದ್ಲು. ನನ್ನ ಮಾತಿನ ಬುಡಾ ಇದೇ ನೋಡ್ರಿ. ಅಲ್ಲೆ ಇರೂ ಹಿರೇರು ದೂರು ಹೇಳೂದಿಲ್ಲ. ಹೇಳಲಿಕ್ಕೆ ಬರೂದಿಲ್ಲ ಅಂತಲ್ಲ, ಹೇಳೂದು ಅವರಿಗೆ ಪರವಡಿಸೂದಿಲ್ಲ. ಯಾರ ಕೈಯಾಗ ಊಟಾ, ಗುಳಿಗಿ, ಸ್ನಾನಾ ಎಲ್ಲಾ ಅದನೋ ಅವರ ಮ್ಯಾಲ ಹೆಂಗ ಹೇಳಬೇಕು? ಬಾಣಂತಿ ಆದಾಗ ಅತ್ತಿ ಮನ್ಯಾಗ ಇದ್ದವರಿಗೆ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕ "ಅವರು ಆರಾಮ ಇದ್ದೀನಿ ಅಂದಾರ" ಅನ್ನೂದನ್ನ ನಂಬಿ ಕೂಡಬ್ಯಾಡ್ರಿ. ಕೇಳೂ ಕೆಲಸಾ, ನೋಡೂ ಕೆಲಸಾ ಹೊರಗಿನವರದು, ನಮ್ಮದು.

ನೋಡೂದು ಅಂದ್ರ ಏನು ನೋಡೂದು? ನಾನು ಮಾಡಿದಂಗ ಸಾರಿನ ರುಚಿ ನೋಡಿ ಬರಬ್ಯಾಡ್ರಿ. ಗುಲಾಬಿ ಗಿಡಾ ಬಿದ್ದವರನ್ನ ಎತ್ತೂದಿಲ್ಲ. ಮದಲನೇ ಪ್ರಶ್ನೆ ಇದು: ರಾತ್ರಿ ಹತ್ತರಿಂದ ಮುಂಜಾನೆ ಆರರ ತನಕಾ ಎಷ್ಟು ಮಂದಿಗೆ ಎಷ್ಟು ಮಂದಿ ಇರ್ತಾರ? ಎಚ್ಚರ ಇರ್ತಾರೋ, ಮಲಗಿರ್ತಾರೋ? ನರ್ಸು ಅಂದ್ರ ಕಲತಾಕಿ ನರ್ಸೋ, ಬಿಳೇ ಅಂಗಿ ಹಾಕಿದ ಆಯಾನೋ? "ಇಪ್ಪತ್ನಾಲ್ಕು ತಾಸೂ ಸಿಬ್ಬಂದಿ ಇರ್ತಾರ" ಅಂತ ಎಲ್ಲಾರೂ ಅಂತಾರ. ಸಿಬ್ಬಂದಿ ಅಂದ್ರ ಗೇಟಿನ ಕಾವಲಗಾರನೂ ಸಿಬ್ಬಂದೀನ. ಡ್ಯೂಟಿ ಬರದ ಹಾಳಿ ತೋರಿಸ್ರಿ ಅನ್ರಿ. ತೋರಸಲಿಕ್ಕೆ ಹಿಂದಮುಂದ ನೋಡಿದ್ರ ಅಲ್ಲೇ ಅರ್ಧಾ ಉತ್ತರ ಸಿಕ್ಕಂಗ.

ಎರಡನೇದು, ಬಚ್ಚಲಕ್ಕ ಹೋಗ್ರಿ. ಅಲ್ಲಿಯವರು ದಿನಾ ಬಳಸೂ ಖೋಲಿ ಬಚ್ಚಲಕ್ಕ ಹೋಗ್ರಿ, ನಮಗ ತೋರಸಲಿಕ್ಕೆ ಇಟ್ಟ ಖಾಲಿ ಖೋಲೀದಲ್ಲ. ಚಪ್ಪಲಿ ತಗದು ಬರಿಗಾಲಿಲೇ ನಿಂತು ನೋಡ್ರಿ, ಜಾರತದೋ ಇಲ್ಲೋ ಕಾಲಿಗೆ ತಿಳೀತದ. ಕಮೋಡಿನ ಬಾಜೂಕ ಹಿಡೀಲಿಕ್ಕೆ ಸರಳ ಅದ ಏನು? ಇದ್ರ ಜಗ್ಗಿ ನೋಡ್ರಿ, ಕೆಲವು ಕಡೆ ಶೋಕಿಗೆ ಹಾಕಿರ್ತಾರ, ಭಾರಾ ಹಾಕಿದ್ರ ಕಿತ್ತು ಬರತದ. ಕರಿಯೂ ಗಂಟಿ ನೆಲಕ್ಕ ಬಿದ್ದವರ ಕೈಗೆ ಎಟಕೂ ಹಂಗ, ಹಗ್ಗಾ ಕಟ್ಟಿ ಕೆಳಗಿನ ತನಕಾ ಇಳಿಬಿಟ್ಟಿರಬೇಕು. ಅದನ್ನ ಒತ್ತಿ ನೋಡ್ರಿ. ಸುಮ್ಮನ ಒತ್ತಿ, ಗಡಿಯಾರ ನೋಡಕೋತ ಕೂಡ್ರಿ. ಎಷ್ಟು ಹೊತ್ತಿಗೆ ಯಾರು ಬರತಾರ ನೋಡ್ರಿ. ನಾಚಿಕಿ ಪಡಬ್ಯಾಡ್ರಿ. ಐದು ನೂರು ರೂಪಾಯಿ ಸೀರಿ ತೊಗೊಳ್ಳೂ ಮುಂದ ಸೆರಗು ಬಿಚ್ಚಿಸಿ, ಬೆಳಕಿಗೆ ಹಿಡದು, ಅಂಚು ತಿಕ್ಕಿ ನೋಡವರು ನಾವು. ಇಲ್ಲೇ ಯಾಕ ಸಂಕೋಚ?

ಮೂರನೇದು, ಗುಳಿಗಿ ಪುಸ್ತಕ. ಒಬ್ಬೊಬ್ಬರಿಗೆ ದಿನಕ್ಕ ಎಂಟು ಹತ್ತು ಗುಳಿಗಿ ಇರ್ತಾವ. ಥೈರಾಯ್ಡ್ ಗುಳಿಗಿ ಖಾಲಿ ಹೊಟ್ಟಿಲೆ, ಸಕ್ಕರಿ ಗುಳಿಗಿ ಊಟದ ಜೋಡಿ. ಇನ್ಸುಲಿನ್ ಚುಚ್ಚಿ ನಾಷ್ಟಾ ಒಂದು ತಾಸು ತಡಾ ಆತು ಅಂದ್ರ ಸಕ್ಕರಿ ಇಳದು ಬಂವಳಿ ಬಂದು ಬೀಳ್ತಾರ. ಯಾರು ಕೊಟ್ರು, ಎಷ್ಟು ಗಂಟೆಕ್ಕ ಕೊಟ್ರು ಅಂತ ಸಹಿ ಮಾಡಿದ ಪುಸ್ತಕ ಇರಬೇಕು. ಅದರಾಗ ನಿನ್ನಿದೂ ಇವತ್ತಿಂದೂ ನೋಡ್ರಿ. ಒಂದೇ ಪೆನ್ನಿಲೆ, ಒಂದೇ ಕೈಲೆ, ಇಡೀ ವಾರದ್ದು ಒಮ್ಮೆಲೆ ಬರದಿದ್ರ ನಮಗ ತಿಳೀದ ಇರತದ ಏನು? ಹಾಲಿನವನ ಲೆಕ್ಕಾ ಬರದ ಕ್ಯಾಲೆಂಡರ್ ನೋಡಿ ಅಂವಾ ಎಂದು ಬಂದಿಲ್ಲ ಅಂತ ಕಂಡುಹಿಡಿಯವರು ನಾವು.

ನಾಕನೇದು, ಮಲಗಿದವರನ್ನ ನೋಡ್ರಿ. ಓಡಾಡೂ ಅಜ್ಜಿಗಳನ್ನ ಮುಂದ ಕೂಡಿಸಿ ತೋರಸ್ತಾರ. ಹಾಸಗಿ ಹಿಡದವರು ಎಲ್ಲಿ ಇದ್ದಾರ ಅಂತ ಕೇಳ್ರಿ. ಅವರ ಖೋಲಿಯಾಗ ವಾಸನಿ ಹೆಂಗದ, ಉಗರು ತಗದಾರೋ ಇಲ್ಲೋ, ನೀರಿನ ಲೋಟಾ ಕೈಗೆ ಸಿಗೂ ಹಂಗ ಇಟ್ಟಾರೋ, ಮೂಲ್ಯಾಗ ಇಟ್ಟಾರೋ. ತಾನ ಹೊರಳಲಿಕ್ಕೆ ಬರದವರನ್ನ ಎರಡು ತಾಸಿಗೊಮ್ಮೆ ಮಗ್ಗಲಾ ಬದಲಿ ಮಾಡಬೇಕು, ಇಲ್ಲಾಂದ್ರ ಬೆನ್ನಿಗೆ ಹುಣ್ಣ ಬೀಳತಾವ. ಬೆನ್ನಿನ ಹುಣ್ಣ ಭಾಳ ಮಾಡಿ ವಯಸ್ಸಿನಿಂದ ಬರೂದಲ್ಲ, ಹೊರಳಿಸದ ಬಿಟ್ಟಿದ್ದರಿಂದ ಬರತದ. ಇವತ್ತು ಓಡಾಡೂ ನಮ್ಮ ಅತ್ತಿ ನಾಳೆ ಆ ಹಾಸಗಿ ಮ್ಯಾಲ ಇರಬಹುದು. ಹೌದು, ಇನ್ನೊಂದು. ಭಾಳ ಕಡೆ ಕರಾರು ಪತ್ರದಾಗ ಸಣ್ಣ ಅಕ್ಷರದಾಗ ಬರದಿರ್ತಾರ, ತಾನ ಓಡಾಡಲಿಕ್ಕೆ ಬರದಿದ್ರ ಮನಿಗೆ ಕರಕೊಂಡು ಹೋಗಬೇಕು ಅಂತ. ಅಂದ್ರ ಖರೇ ಬೇಕಾದಾಗನ ಅವರು ಇರೂದಿಲ್ಲ. ಠೇವಣಿ ಎಷ್ಟು ದಿನದಾಗ ವಾಪಸ್ ಕೊಡ್ತಾರ, ಬಿದ್ರ ಯಾವ ದವಾಖಾನಿಗೆ ಒಯ್ತಾರ, ಮನಿಯವರಿಗೆ ಎಷ್ಟು ಹೊತ್ತಿನ ಒಳಗ ಫೋನ್ ಮಾಡ್ತಾರ, ಇದನ್ನೆಲ್ಲಾ ಬರದು ಕೊಡ್ರಿ ಅನ್ರಿ.

ಇಷ್ಟೆಲ್ಲಾ ನಾವ ಯಾಕ ನೋಡಬೇಕು, ಸರಕಾರ ನೋಡೂದಿಲ್ಲೇನು ಅಂತ ವೈನಿ ಕೇಳಿದ್ರು. ನಾನೂ ನಮ್ಮ ಮನಿಯವರ ಗೆಳೆಯರೊಬ್ರು ವಕೀಲರಿದ್ದಾರ, ಅವರಿಗೆ ಇದನ್ನ ಕೇಳಿದ್ದೆ. ತಂದಿ ತಾಯಿ ಮತ್ತ ಹಿರಿಯ ನಾಗರಿಕರ ಕಾಯ್ದೆ 2007ರಾಗ ಬಂದದ. ಮಕ್ಕಳು ನೋಡದಿದ್ರ ಅದಕ್ಕಂತನ ಇರೂ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು, ತಿಂಗಳಿಗೆ 10,000 ರೂಪಾಯಿ ತನಕಾ ಜೀವನಾಂಶ ಕೊಡಸಬಹುದು. ಯಾರೂ ಇಲ್ಲದ ಬಡವರಿಗೆ ಜಿಲ್ಲಾಕ್ಕ ಒಂದರಂಗ, ಕನಿಷ್ಠ 150 ಮಂದಿ ಹಿಡಸೂ ವೃದ್ಧಾಶ್ರಮ ಸರಕಾರ ಮಾಡಬಹುದು ಅಂತನೂ ಅದರಾಗ ಅದ. ಆದ್ರ ನಮ್ಮಂಥವರು ರೊಕ್ಕಾ ಕೊಟ್ಟು ಇಡೂ ಖಾಸಗಿ ಮನಿಗಳಿಗೆ ಅದರಾಗ ಬಿಗಿ ಇಲ್ಲ. ಅದನ್ನ ಸರಿ ಮಾಡಲಿಕ್ಕೆ 2019ರ ಡಿಸೆಂಬರದಾಗ ಲೋಕಸಭಾದಾಗ ತಿದ್ದುಪಡಿ ಮಸೂದೆ ತಂದ್ರು. ಇಂಥಾ ಮನಿಗಳು ನೋಂದಣಿ ಮಾಡಸಬೇಕು, ಕನಿಷ್ಠ ಗುಣಮಟ್ಟ ಇರಬೇಕು ಅಂತ ಅದರಾಗ ಇತ್ತು. ಆ ಲೋಕಸಭಾದ ಅವಧಿ 2024ರಾಗ ಮುಗೀತು, ಮಸೂದೆ ಹಂಗ ಬಿದ್ದುಹೋತು. ಅದೇ 2019ರಾಗ ಕೇಂದ್ರದ ವಸತಿ ಮಂತ್ರಾಲಯದವರು ನಿವೃತ್ತರ ಮನಿಗಳು ಹೆಂಗಿರಬೇಕು ಅಂತ ಮಾದರಿ ಮಾರ್ಗಸೂಚಿನೂ ಹೊರಡಿಸ್ಯಾರ. ಜಾರದ ನೆಲಾ, ಹಿಡಿಗಂಬಿ, ಗಾಲಿಕುರ್ಚಿ ಹಾಯೂ ಬಾಗಲಾ, ಕರಿಯೂ ಗಂಟಿ ಇವೆಲ್ಲಾ ಅದರಾಗ ಅವ. ಆದ್ರ ಮಾರ್ಗಸೂಚಿ ಅಂದ್ರ ಹಿರೇರು ಹೇಳಿದ ಬುದ್ಧಿಮಾತು ಇದ್ದಂಗ, ಕೇಳಿದವರು ಕೇಳಿದ್ರು, ಬಿಟ್ಟವರು ಬಿಟ್ರು.

2011ರ ಜನಗಣತಿಯೊಳಗ ನಮ್ಮ ದೇಶದಾಗ 60 ದಾಟಿದವರು 10 ಕೋಟಿ ಮ್ಯಾಲ ಇದ್ರು. ಈಗ ಇನ್ನೂ ಹೆಚ್ಚಾಗ್ಯಾರ. ನಮ್ಮ ಓಣಿಯಾಗನ ಎಣಿಸ್ರಿ, ಎಷ್ಟು ಮನ್ಯಾಗ ಮಕ್ಕಳೆಲ್ಲಾ ಪುಣೆ, ಬೆಂಗಳೂರು, ಅಮೆರಿಕಾ ಸೇರಿ ಮುದುಕ ಮುದುಕಿ ಇಬ್ಬರ ಉಳದಾರ. ಒಂದು ಖಾನಾವಳಿ ತಗೀಬೇಕಂದ್ರ ಲೈಸೆನ್ಸ್ ಬೇಕು. ಮೂವತ್ನಾಕು ಮಂದಿ ಅಜ್ಜಿಗಳನ್ನ ಇಟಗೊಳ್ಳೂ ಮನಿಗೆ, ರಾತ್ರಿ ಇಷ್ಟು ಮಂದಿಗೆ ಇಷ್ಟು ಜನಾ ಇರಬೇಕು ಅಂತ ಗಟ್ಟಿ ನಿಯಮ ಇರಲೇಬೇಕು, ಬಿದ್ದವರದು, ಸತ್ತವರದು ಲೆಕ್ಕಾ ಇಡಲೇಬೇಕು, ಯಾರರೆ ಹೇಳದ ಕೇಳದ ಬಂದು ತಪಾಸಣಿ ಮಾಡಲೇಬೇಕು. ಓಟು ಕೇಳಲಿಕ್ಕೆ ಬಂದವರಿಗೆ ರಸ್ತೆ, ನೀರು ಕೇಳೂ ಜೋಡಿ ಇದನ್ನೂ ಕೇಳೂಣು ಅಂತೀನಿ ನಾನು.

ಅಲ್ಲಿ ತನಕಾ ಕೈಯಾಗ ಇದ್ದದ್ದು ಇಷ್ಟು. ರೊಕ್ಕಾ ಕೊಟ್ಟು ಸೇವಾ ತೊಗೊಂಡಿದ್ದಕ್ಕ ಜಿಲ್ಲಾ ಗ್ರಾಹಕರ ಆಯೋಗಕ್ಕ ದೂರು ಕೊಡಬಹುದು, ಅದಕ್ಕ ಪಾವತಿ, ಕರಾರು ಪತ್ರ, ಫೋಟೋ ಎಲ್ಲಾ ಜ್ವಾಪಾನ ಮಾಡಿ ಇಡ್ರಿ. ಹಿರಿಯರ ಸಲುವಾಗಿ 14567 ಅಂತ ಒಂದು ಸಹಾಯವಾಣಿ ಅದ, ರೊಕ್ಕಾ ಹತ್ತೂದಿಲ್ಲ, ಮುಂಜಾನೆ 8ರಿಂದ ರಾತ್ರಿ 8ರ ತನಕಾ ಇರತದ. ಆಮ್ಯಾಲ ಏನರೆ ಗಂಡಾಂತರ ಆದ್ರ 112. ಈ ಎರಡೂ ನಂಬರ್ ದೊಡ್ಡ ಅಕ್ಷರದಾಗ ಬರದು ಹಾಸಗಿ ಬಾಜೂಕ ಹಚ್ಚಿರಿ.

ಇಲ್ಲೆ ಒಂದು ಮಾತು ನ್ಯಾಯಾ ಬಿಟ್ಟು ಹೇಳಬಾರದು. ಆ ರಾತ್ರಿ ಇದ್ದ ಆಯಾನ ಮ್ಯಾಲ ನಮ್ಮ ಅಣ್ಣಾ ಹರಿಹಾಯ್ದ. ಅಕಿ ಅಳಕೋತ ನಿಂತಿದ್ಲು. ಯಾವದೋ ದೂರದ ಊರಿನ ಹುಡುಗಿ, ಮನಿ ಬಿಟ್ಟು ಬಂದಾಕಿ, ಹನ್ನೆರಡು ತಾಸು ಪಾಳೆ, ಎರಡು ಮಜಲು, ಮೂವತ್ನಾಕು ಮಂದಿ. ನಾವು ಮನ್ಯಾಗ ಒಬ್ಬ ಅತ್ತೀದು ಒಂದು ರಾತ್ರಿ ಜಾಗರಣಿ ಮಾಡಿದ್ರ ಮರುದಿನಾ ಎಲ್ಲಾರ ಮ್ಯಾಲ ಹರಿಹಾಯ್ತೀವಿ. ಅಕಿ ದಿನಾ ಮಾಡ್ತಾಳ. ತಪ್ಪು ಅಕೀದಲ್ಲ, ಒಬ್ಬಾಕಿನ್ನ ಇಟ್ಟವರದು. ಅದಕ್ಕ ಮನಿ ನೋಡಲಿಕ್ಕೆ ಹೋದಾಗ ಆಯಾಗಳ ಜೋಡಿ ನಿಂತು ಎರಡು ಮಾತು ಆಡ್ರಿ. ಎಷ್ಟು ವರ್ಷಾತು ಇಲ್ಲೆ, ಪಗಾರ ವ್ಯಾಳ್ಯಾಕ್ಕ ಬರತದೋ, ಮಲಗಲಿಕ್ಕೆ ಜಾಗಾ ಅದನೋ ಅಂತ ಕೇಳ್ರಿ. ಎರಡು ತಿಂಗಳಿಗೊಮ್ಮೆ ಹೊಸಾ ಮಂದಿ ಬರೂ ಕಡೆ ಅಜ್ಜಿಗೆ ಯಾವ ಕಿವಿ ಕೇಳಸೂದಿಲ್ಲ, ಯಾವ ಕಾಲು ಸೊಟ್ಟ ಅಂತ ಯಾರಿಗೆ ನೆನಪಿರಬೇಕು?

ಈಗ ಮೌಶಿ ಇಲ್ಲೇ ಹುಬ್ಬಳ್ಳಿಯಾಗ ಇದ್ದಾಳ. ಹಳೇ ಮನಿ, ಹನ್ನೊಂದು ಮಂದಿ. ಗುಲಾಬಿ ಗಿಡಾ ಇಲ್ಲ, ಒಂದು ತುಳಸಿ ಕಟ್ಟಿ, ಒಂದು ಕರಿಬೇವಿನ ಗಿಡಾ. ಗ್ವಾಡಿ ಬಣ್ಣಾ ಅಲ್ಲಲ್ಲೆ ಹೋಗೇದ. ನಾನು ಹೇಳದ ಕೇಳದ ಸಂಜಿಕ್ಕ ಏಳೂವರಿಗೆ ಹೋಗಿ ನಿಂತೆ. ನಡೆಸಾಕಿ ಬಾಯಿ ಒದ್ದಿ ಕೈಲೇ ಬಾಗಲಾ ತಗದ್ಲು, ಒಬ್ಬ ಅಜ್ಜಿಗೆ ಗಂಜಿ ಕುಡಿಸಲಿಕತ್ತಿದ್ಲಂತ. "ಬರ್ರಿ, ಆದ್ರ ಹತ್ತು ನಿಮಿಷ ಕೂಡಬೇಕಾಗತದ, ಅವರ ಊಟಾ ಮುಗೀಲಿ" ಅಂದ್ಲು. ನನಗ ಆ ಹತ್ತು ನಿಮಿಷದಾಗನ ಮನಸ್ಸು ಅರ್ಧಾ ಒಪ್ಪಿತು. ರಾತ್ರಿಗೆ ಇಬ್ಬರು. ಬಚ್ಚಲದಾಗ ಹಗ್ಗದ ಗಂಟಿ. "ಇಲ್ಲೆ ಯಾರರೆ ಬಿದ್ದಾರೇನು?" ಅಂತ ಕೇಳಿದೆ. "ಬಿದ್ದಾರ್ರೀ, ಹೋದ ವರ್ಷ ಇಬ್ಬರು" ಅಂದು ಪುಸ್ತಕ ತಗದು ತೋರಿಸಿದ್ಲು. ಎಂದು, ಎಲ್ಲೆ, ಎಷ್ಟು ಗಂಟೆಕ್ಕ, ಮನಿಯವರಿಗೆ ಎಷ್ಟಕ್ಕ ಫೋನ್, ಆಮ್ಯಾಲ ಏನು ಬದಲಿ ಮಾಡಿದ್ರು ಎಲ್ಲಾ ಬರದಿತ್ತು. ನಮ್ಮಲ್ಲೆ ಯಾರೂ ಬಿದ್ದೇ ಇಲ್ಲ ಅನ್ನವರಿಗಿಂತ ಇಬ್ಬರು ಬಿದ್ದಾರ ಅಂದಾಕಿನ್ನ ನಾನು ಹೆಚ್ಚು ನಂಬಿದೆ.

ಅಲ್ಲೆ ಎಲ್ಲಾ ಬಂಗಾರ ಅದ ಅಂತ ಹೇಳೂದಿಲ್ಲ. ಡಾಕ್ಟರು ವಾರಕ್ಕ ಒಮ್ಮೆನ ಬರ್ತಾರ. ಮಳಿಗಾಲದಾಗ ಒಂದು ಖೋಲಿ ಸೋರತದ. ಮೌಶಿಗೆ ಮಾತಾಡಲಿಕ್ಕೆ ಜೋಡಿ ಕಡಿಮಿ, ಉಳದವರಿಗೆ ಕಿವಿ ಮಂದ. ಆದ್ರ ನಮ್ಮ ಮನಿಯಿಂದ ಇಪ್ಪತ್ತು ನಿಮಿಷದ ಹಾದಿ. ವಾರದಾಗ ಎರಡು ಸಲ ಹೋಗ್ತೀನಿ, ಒಂದ ದಿನಾ, ಒಂದ ವ್ಯಾಳ್ಯಾಕ್ಕ ಹೋಗೂದಿಲ್ಲ. ಒಮ್ಮೆ ಮುಂಜಾನೆ ನಾಷ್ಟಾದ ಹೊತ್ತಿಗೆ, ಒಮ್ಮೆ ಮಲಗೂ ಹೊತ್ತಿಗೆ. ಬಳಿ ಎಲ್ಲಿ ತನಕಾ ಜಾರತಾವ ನೋಡ್ತೀನಿ. ಬ್ಲೌಸು ಸಡಲ ಆಗೇದೋ ನೋಡ್ತೀನಿ. ಬೆನ್ನು ತಿಕ್ಕೂ ನೆಪದಾಗ ಬೆನ್ನು ನೋಡ್ತೀನಿ. ಚಟ್ನಿಪುಡಿ ಡಬ್ಬಿ ಒಯ್ದು ಆಯಾಗಳಿಗೂ ಕೊಟ್ಟು, ಅವರ ಮಕ್ಕಳ ಸುದ್ದಿ ಕೇಳ್ತೀನಿ. ಮಂದಿ ಬಂದು ಹೋಗೂ ಅಜ್ಜಿಗೆ ಕಾಳಜಿ ಸ್ವಲ್ಪ ಹೆಚ್ಚು ಸಿಗತದ, ಇದು ಛೊಲೋದಲ್ಲ ಖರೇ, ಆದ್ರ ಇರೂದು ಹಂಗ. ಅದಕ್ಕ ನಾನು ಹೋದಾಗ ಯಾರೂ ಬರದ ಇರೂ ಬಾಜೂಕಿನ ಹಾಸಗಿ ಅಜ್ಜೀನ್ನೂ ಹೆಸರು ಹಿಡದು ಮಾತಾಡಿಸಿ ಬರ್ತೀನಿ. ಅಕಿನ್ನ ಕೇಳವರೂ ಇದ್ದಾರ ಅಂತ ಅಲ್ಲಿಯವರಿಗೆ ಗೊತ್ತಿರಲಿ.

"ನೀವೇ ಯಾಕ ಮನ್ಯಾಗ ಇಟಗೊಳ್ಳಲಿಲ್ಲ?" ಅಂತ ಕೇಳವರು ಇದ್ದಾರ. ನೀವೂ ಮನಸಿನ್ಯಾಗ ಅಂದಿರಬಹುದು. ನಮ್ಮ ಮನ್ಯಾಗ ನಮ್ಮ ಅತ್ತಿಯವರು ಇದ್ದಾರ, ಮೇಲಿನ ಮಜಲು, ಹದಿನೆಂಟು ಮೆಟ್ಟಲು, ನನಗ ಮೊಣಕಾಲು ನೋವು. ಮತ್ತ ಮನಿ ಅಂದಕೂಡಲೇ ಎಲ್ಲಾ ಸುರಕ್ಷಿತ ಅನ್ನೂದೂ ಸುಳ್ಳ. ನಮ್ಮ ಅತ್ತಿಯವರು ಬಿದ್ದಿದ್ದು ನಮ್ಮದ ಬಚ್ಚಲದಾಗ, ನಾನು ಅಡಗಿಮನ್ಯಾಗ ಮಿಕ್ಸರ್ ಹಚ್ಚಿದ್ದೆ, ಕೇಳಸಲೇ ಇಲ್ಲ. ಮೌಶೀ ಪೆಟ್ಟು ಕಂಡ ಮ್ಯಾಲನ ನಮ್ಮ ಬಚ್ಚಲಕ್ಕ ಸರಳ ಹಾಕಿಸಿದ್ದು, ರಾತ್ರಿ ಸಣ್ಣ ದೀಪಾ ಹಚ್ಚಿಟ್ಟದ್ದು. ಅತ್ತಿಯವರೂ ನನ್ನ ಮುಂದ "ಆರಾಮ ಇದ್ದೀನಿ" ಅಂತನ ಅಂತಾರ, ಅದೂ ಈಗ ನನಗ ಬ್ಯಾರೆ ಥರಾ ಕೇಳಸತದ.

ನಾಚಿಕಿ ಇದ್ದಲ್ಲೆ ಚೌಕಾಸಿ ಆಗೂದಿಲ್ಲ. ಮಂದಿ ಏನಂತಾರ ಅಂತ ಗುಟ್ಟಿಲೆ, ಗಡಿಬಿಡಿಲೆ, ಬಾಗಲದಾಗ ನಿಂತು ಕೇಳಿ ಅಜ್ಜೀನ್ನ ಬಿಟ್ಟು ಬರ್ತೀವಿ. ಬಿಟ್ಟ ಮ್ಯಾಲ ಪಾಪಪ್ರಜ್ಞಾದಾಗ, ಎಲ್ಲಾ ಛೊಲೋನ ಅದ ಅಂತ ನಮಗ ನಾವ ಹೇಳಕೋತೀವಿ. ನಾನೂ ಹಂಗ ಮಾಡಿದ್ದೆ. ಒಮ್ಮೆ ರಾತ್ರಿ ಎಂಟಕ್ಕ ಹೋಗಿ ಬಂದಿದ್ರ, ಬಚ್ಚಲದ ಬಾಗಲಾ ಒಂದು ತಗದು ನೋಡಿದ್ರ ಮೌಶಿ ಆ ಮೂರು ತಾಸು ಬಿದ್ದಿರತಿದ್ದಿಲ್ಲೇನೋ ಅಂತ ಈಗೂ ಅನಸತದ. ಮೌಶಿ ಮಾತ್ರ ಒಂದು ದಿನಾನೂ ನನಗ ಅಂದಿಲ್ಲ.

ವೈನಿಯವರಿಗೆ ಹೇಳೇನಿ, ಒಬ್ಬರ ಹೋಗಬ್ಯಾಡ್ರಿ ಅಂತ. ಬರೂ ಗುರುವಾರ ಇಬ್ಬರೂ ಕೂಡಿ ಹೋಗ್ತೀವಿ. ಫೋನ್ ಮಾಡಿ ಹೇಳೂದಿಲ್ಲ, ಸಂಜಿಕ್ಕ ಏಳರ ಮ್ಯಾಲ. ಅತ್ತಿಯವರನ್ನೂ ಕರಕೊಂಡು ಬರ್ರಿ ಅಂದೇನಿ. ಇರವರು ಅವರು, ಅವರನ್ನ ಕೇಳದ ನಾವಿಬ್ಬರ ನೋಡಿ ಬಂದ್ರ ಏನು ಬಂತು? ವೈನಿ ಸ್ವಲ್ಪ ವಿಚಾರ ಮಾಡಿ ಹೂಂ ಅಂದಾರ.